ಹೆಬ್ಬಾಯಿಯ ಬೆನ್ನಿನ ಜಿಪ್

ಜನವರಿ ೧೨, ಭಾನುವಾರ

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಕುಶಾಲನಗರದ ಅರ್ಧ ಹೆಂಗಸರ ಎದೆ, ಸೊಂಟ, ತೋಳಿನ ಅಳತೆಗಳಿವೆ. ಅವನ್ನು ಬೇರೆ ಯಾರೂ ಓದಬಾರದು, ಇದನ್ನೂ ಓದಬಾರದು. ಎರಡಕ್ಕೂ ಒಂದೇ ಪುಸ್ತಕ ಸಾಕು.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಟೀವಿಯಲ್ಲಿ ‘ಹಿನ್ನೀರಿನ ಹೆಬ್ಬಾಯಿ’ ಬಂತು. ಸೋಮವಾರಪೇಟೆಯ ಕೀರ್ತಿಕುಮಾರ್ ತೆಗೆದ ಚಿತ್ರ. ಮದುವೆ ವಿಡಿಯೋ ತೆಗೆಯುತ್ತಿದ್ದವನು ಟೀವಿಯವರಿಗಾಗಿ ಕಳೆದ ಏಪ್ರಿಲ್‌ನಲ್ಲಿ ಒಂಬತ್ತೇ ದಿನದಲ್ಲಿ ಒಂದು ಭೂತದ ಸಿನಿಮಾ ಮಾಡಿಕೊಟ್ಟ. ಬೇಸಿಗೆಯಲ್ಲಿ ಅಣೆಕಟ್ಟೆಯ ನೀರು ಇಳಿದಾಗ, ಎಂದೋ ಮುಳುಗಿಹೋದ ಊರಿನ ಕೆಸರಿನಿಂದ ಒಂದು ಪ್ರಾಣಿ ಎದ್ದು ಬರುತ್ತದೆ. ಮೀನಿನ ಬಾಯಿ, ಕಪ್ಪೆಯ ಕಾಲು, ಮನುಷ್ಯನ ನಡಿಗೆ. ಅದೇ ಹೆಬ್ಬಾಯಿ. ಅದನ್ನು ಹೊಲಿದವಳು ನಾನು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹದಿನಾರು ವರ್ಷದಿಂದ ಟೈಲರ್ ಅಂಗಡಿ ಇಟ್ಟಿದ್ದೇನೆ. ರವಿಕೆ, ಲಂಗ, ಸೀರೆಗೆ ಫಾಲ್, ಶಾಲೆಯ ಸಮವಸ್ತ್ರ. ಯಾರೋ ತಂದ ಬಟ್ಟೆ, ಯಾರದೋ ಅಳತೆ. ಅಳತೆ ಕೊಡಲು ಯಾರೂ ಇಲ್ಲದ ಒಂದು ಮೈಯನ್ನು ಮೊದಲ ಸಲ ನಾನೇ ಯೋಚಿಸಿ ಹೊಲಿದೆ. ಕಾಫಿ ನರ್ಸರಿಯ ಹಸಿರು ಶೇಡ್ ನೆಟ್, ಹಳೆಯ ಜೀಪಿನ ಟಾರ್ಪಾಲು, ಹಾಸಿಗೆಯ ಸ್ಪಂಜು, ಹಲ್ಲಿಗೆ ಪೈಪಿನ ತುಂಡು. ಕಿವಿರಿಗೆ ಮುರಿದ ಕೊಡೆಯ ಕಡ್ಡಿಗಳನ್ನು ಹಾಕಿದ್ದೆ. ಕೈ ಎತ್ತಿದರೆ ಕಿವಿರು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಆ ಹದಿನೈದು ದಿನ ನನಗೆ ಊಟದ ನೆನಪು ಇರಲಿಲ್ಲ.

ನಮ್ಮ ಹಜಾರದಲ್ಲಿ ಹತ್ತು ಜನ ಸೇರಿದ್ದರು. ಅತ್ತೆ ಪೊರೆಯ ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಟೀವಿಗೆ ಅಂಟಿಕೊಂಡೇ ಕೂತಿದ್ದರು. ಹೆಬ್ಬಾಯಿ ಕೆಸರಿನಿಂದ ಎದ್ದಾಗ ಪಕ್ಕದ ಮನೆಯ ಮಗು ಅತ್ತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮಗುವಿನ ತಾಯಿಗೆ ಕಾಣದಂತೆ ಮುಖ ತಿರುಗಿಸಿಕೊಂಡೆ. ಆಮೇಲೆ ಹೆಬ್ಬಾಯಿ ನಾಯಕಿಯನ್ನು ಅಟ್ಟಿಸಿಕೊಂಡು ಓಡಿತು. ಓಡುವಾಗ ಕ್ಯಾಮೆರಾಕ್ಕೆ ಬೆನ್ನು ಹಾಕಿತು. ಕುತ್ತಿಗೆಯಿಂದ ಸೊಂಟದವರೆಗೆ ಜಿಪ್ ಬಿಸಿಲಿಗೆ ಫಳಫಳ ಹೊಳೆಯಿತು.

ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ ಲೋಹಿತ್. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೊಮ್ಮೆ ತೊಳೆದೆ.

ಜನವರಿ ೧೩, ಸೋಮವಾರ

ಅಂಗಡಿಯ ಶಟರ್ ಅರ್ಧ ಮಾತ್ರ ಎತ್ತಿದೆ. ಬಗ್ಗಿ ಬರುವಷ್ಟು ಅಗತ್ಯ ಇದ್ದವರು ಬರಲಿ ಎಂದು. ಎಲ್ಲರೂ ಬಗ್ಗಿಯೇ ಬಂದರು. ಬಟ್ಟೆ ಕೊಡುವುದಕ್ಕಲ್ಲ, ಅಭಿಪ್ರಾಯ ಕೊಡುವುದಕ್ಕೆ. ಯಾರು ಏನೆಂದರು ಎಂದು ಮರೆಯಬಾರದು, ಬರೆದಿಡುತ್ತೇನೆ.

ಒಂದು, ಮೆಡಿಕಲ್ ಅಂಗಡಿಯವರು. ಭೂತಕ್ಕೂ ಸೆಖೆಯಾಗುತ್ತದಲ್ಲ, ಜಿಪ್ ಇಟ್ಟಿದ್ದು ಒಳ್ಳೆಯದೇ ಆಯಿತು ಅಂದರು. ಎರಡು, ಮೀನು ಮಾರುವ ಹೆಂಗಸು. ಅಷ್ಟು ದೊಡ್ಡ ಮೀನು ಬಲೆಗೆ ಬಿದ್ದರೆ ತಲೆ ಯಾರಿಗೆ, ಬಾಲ ಯಾರಿಗೆ ಎಂದು ಯೋಚಿಸುವುದರಲ್ಲಿ ಹೆದರಲು ಅವಳಿಗೆ ಪುರುಸೊತ್ತೇ ಆಗಲಿಲ್ಲವಂತೆ. ಮೂರು, ಒಬ್ಬ ಮೇಷ್ಟರು. ಜಿಪ್ ಇರಲಿ, ಕಥೆಯಲ್ಲಿ ಸಮಾಜಕ್ಕೆ ಸಂದೇಶ ಎಲ್ಲಿದೆ ಎಂದು ನನ್ನನ್ನು ಕೇಳಿದರು. ನಾಲ್ಕು, ಮಗಳ ಮದುವೆಯ ರವಿಕೆಗಳನ್ನು ಕೊಟ್ಟಿದ್ದ ಗಿರಾಕಿ. ಹಿಂದೆ ಹುಕ್ಕೇ ಇರಲಿ, ಜಿಪ್ ಮಾತ್ರ ಬೇಡ ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ಎಲ್ಲಕ್ಕಿಂತ ಚುಚ್ಚಿತು.

ಸಂಜೆಯ ಹೊತ್ತಿಗೆ ಹದಿನೇಳಾಯಿತು. ಇನ್ನು ಮೇಲೆ ರವಿಕೆ, ಲಂಗ, ಫಾಲ್. ಬೇರೆ ಏನನ್ನೂ ಹೊಲಿಯುವುದಿಲ್ಲ.

ಜನವರಿ ೧೪, ಸಂಕ್ರಾಂತಿ

ಎಳ್ಳು ಬೀರಲು ನಾನು ಹೋಗಲಿಲ್ಲ. ತಲೆನೋವು ಅಂದೆ. ಅತ್ತೆ ಒಂದೇ ಕಣ್ಣಿನಲ್ಲಿ ತಾವೇ ಡಬ್ಬಿ ಹಿಡಿದುಕೊಂಡು ಬೀದಿ ಸುತ್ತಿ ಬಂದರು. ಎಳ್ಳು ಕೊಟ್ಟು ಅಭಿಪ್ರಾಯ ತಂದಿದ್ದರು. ಅದನ್ನೆಲ್ಲ ಹೇಳಬೇಡಿ ಅಂದೆ. ಹಾಗಾದರೆ ನನ್ನದನ್ನು ಕೇಳು ಎಂದು ಕೂತರು. ಟೀವಿಯಲ್ಲಿ ಬರುವ ಯಾವ ದೆವ್ವದ ಚಿತ್ರವನ್ನೂ ಅವರು ಬಿಟ್ಟವರಲ್ಲ.

“ಪಟ್ಟೆ ಸೀರೆ ಉಟ್ಕಂಡು ಕೆಸರಿಗೆ ಇಳೀತಾಳಲ್ಲ, ಅವಳನ್ನ ತಿಂದಿದ್ದೇ ಸರಿ ಕಣಮ್ಮಿ. ಅದಕ್ಕೂ ಹೊಟ್ಟೆ ಅಂತ ಒಂದಿರ್ತದೆ.”

ಬೆನ್ನ ಮೇಲೆ ಹೊಳೆಯುತ್ತಿತ್ತಲ್ಲ, ಅದು ನಿಮಗೆ ಏನನ್ನಿಸಿತು ಎಂದು ಕೇಳಿದೆ.

“ಬೆನ್ನುಮೂಳೆ ಅಂದ್ಕಂಡೆ. ಜಿಪ್ಪಾ ಅದು?” ಅಂದರು. ಆಮೇಲೆ, ಮೂಳೆಯಾಗಿಯೂ ಚೆನ್ನಾಗಿಯೇ ಇತ್ತು ಅಂದರು.

ಈ ಮನೆಯ ಯಜಮಾನರ ಜೊತೆ ನಾನು ಮಾತು ಬಿಟ್ಟು ಮೂರು ದಿನ. ಅವರಿಗೆ ಅದು ಗೊತ್ತಾದ ಹಾಗಿಲ್ಲ. ತಮ್ಮ ಪಿಕಪ್ ವ್ಯಾನ್ ತೊಳೆದು ಹೂವಿನ ಹಾರ ಹಾಕಿದರು, ನನ್ನ ಹೊಲಿಗೆ ಮಷಿನ್ನಿಗೂ ಒಂದು ಹಾರ ಹಾಕಿ ಹೋದರು.

ಜನವರಿ ೧೭, ಶುಕ್ರವಾರ

ಕೀರ್ತಿಕುಮಾರ್ ಫೋನ್ ಮಾಡಿದ್ದ. ಚಿತ್ರವನ್ನು ಯೂಟ್ಯೂಬಿಗೆ ಹಾಕಿದ್ದಾನಂತೆ, ನಾಲ್ಕು ದಿನದಲ್ಲಿ ತೊಂಬತ್ತು ಸಾವಿರ ಜನ ನೋಡಿದರಂತೆ. ಅಷ್ಟೂ ಜನ ಜಿಪ್ ನೋಡಲು ಬಂದವರು ಅಕ್ಕಾ ಎಂದು ಸಂತೋಷದಿಂದ ಹೇಳಿದ. ಆಮೇಲೆ ದನಿ ತಗ್ಗಿಸಿ, ತಪ್ಪು ತನ್ನದು, ಆ ಓಟದ್ದು ಅದೊಂದೇ ಶಾಟ್ ಇತ್ತು, ತೆಗೆದರೆ ಕಥೆಯೇ ನಿಲ್ಲುತ್ತಿತ್ತು ಅಂದ.

ಕೆಳಗೆ ಜನ ಬರೆದಿದ್ದನ್ನೆಲ್ಲ ಓದಿದೆ. ಓದಬಾರದಿತ್ತು.

‘ನಲವತ್ತೇಳನೇ ನಿಮಿಷ ನೋಡಿ. ಪ್ಯಾಂಟ್ ಹೊಲಿಯುವವರು ಭೂತ ಹೊಲಿದರೆ ಹೀಗೇ.’

‘ಹೆಬ್ಬಾಯಿಗಿಂತ ಹೀರೋನ ಅಳು ಕೇಳಿ ಹೆದರಿದೆ.’

‘ನಮ್ಮಜ್ಜಿ ಎರಡು ದಿನದಿಂದ ಬಚ್ಚಲಿಗೆ ಒಬ್ಬಳೇ ಹೋಗುತ್ತಿಲ್ಲ. ನಷ್ಟಪರಿಹಾರ ಕೊಡಿ.’

‘ಪಾಪದ ಪ್ರಾಣಿ, ಯಾರಾದರೂ ಅದರ ಜಿಪ್ ಹಾಕಿ, ಶೀತವಾದೀತು.’

ಹೀಗೆ ನಾಲ್ಕುನೂರು. ನಡುವೆ ಒಂದು: ‘ಅದು ಕೈ ಎತ್ತಿದಾಗ ಕಿವಿರು ಬಿಚ್ಚಿಕೊಳ್ಳುವುದನ್ನು ನೋಡಿದಿರಾ? ಮೀನನ್ನು ಹತ್ತಿರದಿಂದ ನೋಡಿದವರು ಮಾಡಿದ್ದು. ಮಾಡಿದವರಿಗೆ ನಮಸ್ಕಾರ.’ ಹೆಸರಿನ ಜಾಗದಲ್ಲಿ ಒಂದು ಹಕ್ಕಿಯ ಚಿತ್ರ ಇತ್ತು.

‘ಅದು ಕೈ ಎತ್ತಿದಾಗ ಕಿವಿರು ಬಿಚ್ಚಿಕೊಳ್ಳುವುದನ್ನು ನೋಡಿದಿರಾ? ಮೀನನ್ನು ಹತ್ತಿರದಿಂದ ನೋಡಿದವರು ಮಾಡಿದ್ದು. ಮಾಡಿದವರಿಗೆ ನಮಸ್ಕಾರ.’ ಎರಡು ಸಲ ಬರೆದುಬಿಟ್ಟೆ.

ಜನವರಿ ೨೦, ಸೋಮವಾರ

ಸಣ್ಣಸ್ವಾಮಣ್ಣ ಬಂದಿದ್ದರು. ಅರ್ಧ ಶಟರಿನ ಕೆಳಗೆ ಬಗ್ಗುವಷ್ಟರಲ್ಲಿ ಅವರಿಗೆ ಸೊಂಟ ಹಿಡಿದಿರಬೇಕು, ಆರೂಕಾಲು ಅಡಿ ಆಳು. ಖಾಸಗಿ ಬಸ್‌ಗಳಿಗೆ ಜನ ಕರೆಯುವ ಏಜೆಂಟ್. ‘ಮಡಿಕೇರಿ ಮಡಿಕೇರಿ’ ಎಂದು ಅವರು ಕೂಗಿದರೆ ಸೇತುವೆಯ ಆಚೆ ಕೇಳಿಸುತ್ತದೆ. ಹೆಬ್ಬಾಯಿಯ ಒಳಗೆ ಇದ್ದವರು ಅವರೇ. ಅದರ ಗರ್ಜನೆಯೂ ಅವರದೇ.

ಸ್ಟೂಲಿನ ಮೇಲೆ ಕೂತರು.

“ಊರೆಲ್ಲ ನಿಮ್ಮನ್ನ ಆಡ್ಕತಾ ಅವ್ರೆ ಅಕ್ಕ. ನಂಗೆ ಅನ್ನ ಇಳೀತಾ ಇಲ್ಲ.”

ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ, ನೀವು ಸುಮ್ಮನಿರಿ ಅಂದೆ.

ಇಲ್ಲಿಯಾದರೂ ಬರೆದಿಡುತ್ತೇನೆ. ಆ ಜಿಪ್ಪಿನ ಮೇಲೆ ಉದ್ದಕ್ಕೂ ಒಂದು ಪಟ್ಟಿ ಹೊಲಿದಿದ್ದೆ. ಮೀನಿನ ಬೆನ್ನಿನ ರೆಕ್ಕೆಯ ಹಾಗೆ ನೆರಿಗೆ ಹಿಡಿದು, ಮೂವತ್ತು ಹುಕ್ಕು ಹಾಕಿ ಮುಚ್ಚಿದ್ದೆ. ಒಳಗೆ ಜಿಪ್ ಇದೆ ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಏಳನೇ ದಿನ ನಡುಮಧ್ಯಾಹ್ನ, ಹಿನ್ನೀರಿನ ಬಂಡೆಗಳ ಮೇಲೆ ಓಟದ ಶೂಟಿಂಗ್. ಕೀರ್ತಿಕುಮಾರ್ ಕ್ಯಾಮೆರಾ ಹಿಡಿದು ಉಳಿದವರ ಜೊತೆ ಆಚೆ ದಡದಲ್ಲಿದ್ದ. ಈಚೆ ನಾವಿಬ್ಬರೇ. ಸಣ್ಣಸ್ವಾಮಣ್ಣ ಒಮ್ಮೆಲೇ ಮೊಣಕಾಲೂರಿ ಕೂತರು. ಎದೆಯಿಂದ ಶಿಳ್ಳೆಯಂಥ ಸದ್ದು ಬರುತ್ತಿತ್ತು. ಮೂವತ್ತು ಹುಕ್ಕು ಬಿಚ್ಚುವಷ್ಟು ಹೊತ್ತು ಇರಲಿಲ್ಲ. ಕತ್ತರಿ ಹಾಕಿ ಪಟ್ಟಿಯನ್ನು ಉದ್ದಕ್ಕೆ ಸೀಳಿ ಜಿಪ್ ಎಳೆದು ಅವರನ್ನು ಹೊರಗೆ ತೆಗೆದೆ. ತುಟಿ ನೀಲಿಯಾಗಿತ್ತು.

ಚಿಕ್ಕಂದಿನಿಂದ ಉಬ್ಬಸ ಅಂತೆ. ಮನೆಯಲ್ಲಿ ಹೆಂಡತಿ ಶಿವಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಬಸ್ ಮಾಲೀಕರಿಗೆ ತಿಳಿದರೆ ಕೂಗುವ ಕೆಲಸಕ್ಕೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ, ಗಂಟಲೇ ನನ್ನ ಅನ್ನ ಅಕ್ಕ, ಹೇಳಬೇಡಿ ಎಂದು ಕೈ ಮುಗಿದರು. ಅರ್ಧ ಗಂಟೆ ಸುಧಾರಿಸಿಕೊಂಡು, ಬೇಡ ಬೇಡ ಅಂದರೂ ಕೇಳದೆ ಮತ್ತೆ ಒಳಗೆ ಇಳಿದರು. ನನ್ನ ಹತ್ತಿರ ಬೇರೆ ಬಟ್ಟೆ ಇರಲಿಲ್ಲ. ಜಿಪ್ಪಿಗೆ ಕೆಸರು ಮೆತ್ತಿದೆ. ಓಡುವಾಗ ಅದು ಉದುರಿಹೋಯಿತು.

ಇಷ್ಟೇ ವಿಷಯ. ಲೋಹಿತ್‌ಗೂ ಹೇಳಿಲ್ಲ.

ಜನವರಿ ೨೪, ಶುಕ್ರವಾರ

ಊರಿನ ಒಂದು ಶಾಲೆಯಿಂದ ವಾರ್ಷಿಕೋತ್ಸವಕ್ಕೆ ನಲವತ್ತು ಚಿಟ್ಟೆಗಳ ವೇಷ ಹೊಲಿಯಲು ಬಟ್ಟೆ ಬಂದಿತ್ತು. ವಾಪಸ್ ತೆಗೆದುಕೊಂಡು ಹೋದರು. ಮಕ್ಕಳು ಕುಣಿಯುವಾಗ ರೆಕ್ಕೆ ಬಿಚ್ಚಿಕೊಂಡರೆ ಪೋಷಕರಿಗೆ ಉತ್ತರ ಹೇಳುವವರು ಯಾರು ಎಂದು ಆ ಟೀಚರ್ ಬಹಳ ಮರ್ಯಾದೆಯಿಂದಲೇ ಕೇಳಿದರು.

ಚಿಟ್ಟೆಯ ರೆಕ್ಕೆ ಮಡಚಿ ಬಿಚ್ಚುವ ಹಾಗೆ ಒಂದು ಉಪಾಯ ಯೋಚಿಸಿಟ್ಟಿದ್ದೆ.

ಜನವರಿ ೨೫, ಶನಿವಾರ

ಫಾಲ್ ನಾಲ್ಕು.

ಫೆಬ್ರವರಿ ೪, ಮಂಗಳವಾರ

ಪೊನ್ನಂಪೇಟೆಯ ಅರಣ್ಯ ಕಾಲೇಜಿನಿಂದ ಜಯಪ್ರಕಾಶ್ ಎಂಬ ಮೇಷ್ಟರು ಫೋನ್ ಮಾಡಿದ್ದರು. ಕಾಡುಪ್ರಾಣಿಗಳ ವಿಷಯ ಪಾಠ ಮಾಡುವವರಂತೆ. ಹುಡುಗರು ಹದಿನೈದನೇ ತಾರೀಖು ಸಂಜೆ ಹಾಸ್ಟೆಲಿನ ಹಾಲಿನಲ್ಲಿ ‘ಹೆಬ್ಬಾಯಿ’ ತೋರಿಸುತ್ತಾರಂತೆ, ಮಾಡಿದವರೆಲ್ಲ ಬರಬೇಕಂತೆ. ನಗುವುದಕ್ಕಾ ಎಂದು ನೇರವಾಗಿ ಕೇಳಿದೆ. ಅವರು ತಡವರಿಸಿದರು. ನಗುತ್ತಾರಮ್ಮ, ಸುಳ್ಳು ಹೇಳುವುದಿಲ್ಲ, ಆದರೆ ಎಲ್ಲರೂ ನಾಲ್ಕು ನಾಲ್ಕು ಸಲ ನೋಡಿದ್ದಾರೆ ಅಂದರು. ಆಮೇಲೆ, ಕಿವಿರಿಗೆ ಒಳಗೆ ಏನು ಹಾಕಿದ್ದಿರಿ ಎಂದು ಕೇಳಿದರು.

ಕೊಡೆ ಕಡ್ಡಿ ಅಂದೆ. ಕಿವಿರಿನ ಬಗ್ಗೆ ಯೂಟ್ಯೂಬಿನಲ್ಲಿ ಬರೆದಿದ್ದೆ, ನೋಡಿದಿರಾ ಅಂದರು. ಹಕ್ಕಿಯ ಚಿತ್ರ ಹಾಕಿಕೊಂಡು ಬರೆದವರು ಅವರೇ.

ಬರುವುದಿಲ್ಲ ಅಂದೆ.

ಫೆಬ್ರವರಿ ೬, ಗುರುವಾರ

ಅತ್ತೆಗೆ ಹೇಗೋ ಗೊತ್ತಾಗಿದೆ. ಹೊಸ ಕನ್ನಡಕ ಬಂದಿದೆ, ಎರಡೂ ಕಣ್ಣಲ್ಲಿ ದೊಡ್ಡ ಪರದೆಯ ಮೇಲೆ ನೋಡಬೇಕಂತೆ. ಬೆಳಿಗ್ಗೆಯಿಂದ ಯಾವ ಸೀರೆ ಎಂದು ಕೇಳುತ್ತಿದ್ದಾರೆ. ನಾನು ಹೋಗದಿದ್ದರೆ ಸಣ್ಣಸ್ವಾಮಿಯ ಜೊತೆ ಬಸ್ಸಿನಲ್ಲಿ ಹೋಗುತ್ತಾರಂತೆ. ಎಪ್ಪತ್ತೊಂದು ವರ್ಷದವರನ್ನು ಬಸ್ಸಿನಲ್ಲಿ ಅಷ್ಟು ದೂರ ಕಳಿಸುವುದು ಹೇಗೆ.

ಫೆಬ್ರವರಿ ೧೬, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಬೆಳಿಗ್ಗೆ ಆರಕ್ಕೇ ಎದ್ದು ಕೂತಿದ್ದೇನೆ, ಮೊದಲು ಬರೆದು ಆಮೇಲೆ ಕಾಫಿ.

ಪಿಕಪ್ಪಿನ ಮುಂದೆ ಅತ್ತೆ, ನಾನು, ಲೋಹಿತ್. ಹಿಂದೆ ಸಣ್ಣಸ್ವಾಮಣ್ಣ ಮತ್ತು ಶಿವಮ್ಮ. ದಾರಿಯುದ್ದಕ್ಕೂ ಅತ್ತೆ ನಾಯಕಿಯನ್ನು ಬೈದರು. ಪೊನ್ನಂಪೇಟೆ ತಲುಪುವಾಗ ಐದು ಗಂಟೆ. ಹಾಲಿನಲ್ಲಿ ಇನ್ನೂರು ಹುಡುಗ ಹುಡುಗಿಯರು, ಮೂರು ಜನರ ಟೀಶರ್ಟಿನ ಬೆನ್ನಿಗೆ ಕಾಗದದ ಜಿಪ್. ವಾಪಸ್ ಹೋಗೋಣ ಅಂದೆ. ಅತ್ತೆ ಆಗಲೇ ಮೊದಲ ಸಾಲಿನಲ್ಲಿ ಕೂತಾಗಿತ್ತು.

ಹುಡುಗರಿಗೆ ಸಿನಿಮಾದ ಮಾತೆಲ್ಲ ಬಾಯಿಪಾಠ. ಹೀರೋ ಅಳುವ ಮೊದಲೇ ಇವರು ಅಳುತ್ತಿದ್ದರು. ನಾಯಕಿ ಕೆಸರಿಗೆ ಇಳಿಯುವಾಗ ಇನ್ನೂರು ಜನ ಸೇರಿ ‘ಬೇಡಮ್ಮಾ’ ಅಂದರು, ಅತ್ತೆಯೂ ಅಂದರು. ನಲವತ್ತೇಳನೇ ನಿಮಿಷಕ್ಕೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಸೆರಗಿನ ಅಂಚು ನೋಡುತ್ತ ಕೂತೆ. ಅಂಚಿನಲ್ಲಿ ಹದಿಮೂರು ಮಾವಿನಕಾಯಿ ಇವೆ.

ಮುಗಿದ ಮೇಲೆ ನಮ್ಮನ್ನು ವೇದಿಕೆಗೆ ಕರೆದರು. ಚಂದನಾ ಎಂಬ ಹುಡುಗಿ ಮೈಕ್ ಹಿಡಿದು, ಕೆಟ್ಟ ಮನಸ್ಸಿನಿಂದಲ್ಲ, ನಗುನಗುತ್ತಲೇ, ಭೂತಕ್ಕೆ ಜಿಪ್ ಇಡುವ ಯೋಚನೆ ನಿಮಗೆ ಹೇಗೆ ಬಂತು ಎಂದು ಕೇಳಿದಳು. ಎಲ್ಲರೂ ನಕ್ಕರು. ಉತ್ತರ ಇತ್ತು, ಆದರೆ ಅದು ನನ್ನದಾಗಿರಲಿಲ್ಲ.

ಸಣ್ಣಸ್ವಾಮಣ್ಣ ಮುಂದೆ ಬಂದರು. ಮೈಕ್ ಬೇಡ ಅಂದರು.

“ಜಿಪ್ ಕಂಡಿದ್ದು ನನ್ನಿಂದ. ನಂಗೆ ಉಬ್ಬಸ ಐತೆ. ಅದರೊಳಗೆ ಉಸಿರು ಕಟ್ಟಿ ಬಿದ್ದೋದೆ. ಈ ಅಕ್ಕ ಕತ್ತರಿ ಹಾಕಿ ಸೀಳಿ ನನ್ನ ಈಚೆ ಎಳೆದ್ರು. ಅಷ್ಟು ದಿನ ಕೂತು ಹೊಲಿದಿದ್ದನ್ನ ಒಂದೇ ಏಟಿಗೆ ಹರಿದ್ರು. ಒಂದು ತಿಂಗಳಿಂದ ಎಲ್ಲ ಇವ್ರನ್ನ ನಗ್ತಾವ್ರೆ, ಇವ್ರು ಬಾಯಿ ಬಿಟ್ಟಿಲ್ಲ. ನಾನು ಕೆಲಸ ಹೋಗ್ತದೆ ಅಂತ ಸುಮ್ನಿದ್ದೆ. ಹೋದ್ರೆ ಹೋಗ್ಲಿ.”

ಶಿವಮ್ಮ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಗಂಡ ಬಿದ್ದ ಸಂಗತಿ ಅವರಿಗೂ ಆಗಲೇ ಗೊತ್ತಾಗಿದ್ದು. ಒಬ್ಬ ಹುಡುಗ ಬೆನ್ನಿನ ಕಾಗದದ ಜಿಪ್ ಕಿತ್ತು ಜೇಬಿಗೆ ತುರುಕಿದ. ಚಂದನಾ ಆ ಶಾಟನ್ನು ಇನ್ನೊಮ್ಮೆ ಹಾಕಿ ಎಂದು ಕೇಳಿದಳು. ಹಾಕಿದರು. ಈ ಸಲ ಯಾರೂ ನಗಲಿಲ್ಲ. ಹೆಬ್ಬಾಯಿ ಬಂಡೆಯಿಂದ ಬಂಡೆಗೆ ಓಡಿತು, ಕೈ ಎತ್ತಿತು, ಕಿವಿರು ಬಿಚ್ಚಿಕೊಂಡಿತು. ಇನ್ನೂರು ಜನ ದೇವರ ಮಂಗಳಾರತಿ ನೋಡುವ ಹಾಗೆ ನೋಡುತ್ತಿದ್ದರು.

ಅತ್ತೆಗೆ ಅದು ಸರಿಬೀಳಲಿಲ್ಲ. ಹಿಂದೆ ತಿರುಗಿ, “ನಗ್ರಪ್ಪಾ, ಸಿನಿಮಾ ಚೆನ್ನಾಗೇ ಐತೆ” ಅಂದರು. ಆಗ ನೋಡಬೇಕಿತ್ತು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬರುವಾಗ ಅತ್ತೆಗೆ ನಿದ್ದೆ ಹತ್ತಿತ್ತು. ನನಗಾದರೂ ಹೇಳಬಾರದಿತ್ತಾ ಎಂದು ಲೋಹಿತ್ ಕೇಳಿದರು. ಮಾತು ಕೊಟ್ಟಿದ್ದೆ ಅಂದೆ. ಎಲ್ಲರಿಗಿಂತ ಜೋರಾಗಿ ನೀವೇ ನಕ್ಕಿರಿ ಎಂದೂ ಅಂದೆ. ಅವರು ಗೇರ್ ಬದಲಾಯಿಸಿದರು, ಇನ್ನೊಮ್ಮೆ ಬದಲಾಯಿಸಿದರು.

“ಜಿಪ್ ನೋಡಿ ನಕ್ಕಿದ್ದಲ್ಲ ಮಾರಾಯ್ತಿ. ಜಿಪ್ ಪಕ್ಕ ಒಳಗಿನ ಬಟ್ಟೆ ಕಾಣ್ತಿತ್ತು. ನನ್ನ ಮದುವೆ ಕೋಟಿನ ಲೈನಿಂಗು.”

ಆ ಕೋಟು ಪೆಟ್ಟಿಗೆಯಲ್ಲಿ ಹದಿನೆಂಟು ವರ್ಷದಿಂದ ಸುಮ್ಮನೆ ಮಲಗಿತ್ತು. ಒಳಬಟ್ಟೆ ಮಾತ್ರ ನುಣುಪಾದ ಸ್ಯಾಟಿನ್. ಸಣ್ಣಸ್ವಾಮಣ್ಣನ ಮೈ ತರಚಬಾರದು ಎಂದು ಕತ್ತರಿಸಿಕೊಂಡಿದ್ದೆ. ಕೇಳಿರಲಿಲ್ಲ. ಇವರು ಆವತ್ತೇ ಗುರುತು ಹಿಡಿದು ಒಂದು ತಿಂಗಳು ಸುಮ್ಮನಿದ್ದರಲ್ಲ.

ಮದುವೆ ದಿನ ನಾನೂ ಆ ಕೋಟಿನೊಳಗೆ ಹಂಗೇ ಉಸಿರು ಕಟ್ಟಿ ಬೆವೆತಿದ್ದೆ ಅಂದರು ಇವರು.

ಫೆಬ್ರವರಿ ೧೭, ಸೋಮವಾರ

ಸಣ್ಣಸ್ವಾಮಣ್ಣ ಬೆಳಿಗ್ಗೆಯೇ ಬಸ್ ಮಾಲೀಕ ಶಿವಶಂಕರಪ್ಪನವರ ಮುಂದೆ ನಿಂತು ತಾವೇ ಎಲ್ಲವನ್ನೂ ಹೇಳಿದರಂತೆ. ಅವರು ತಿಂಡಿ ತಿನ್ನುತ್ತಿದ್ದರಂತೆ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಬಸ್ಸಿನ ಪಕ್ಕ ನಿಂತು ಗೊರಗೊರ ಅಂತೀಯ, ನನಗೇನು ಕಿವುಡಾ ಎಂದು ಕೇಳಿದರಂತೆ. ಇವತ್ತೇ ಡಾಕ್ಟರ ಹತ್ತಿರ ಹೋಗದಿದ್ದರೆ ಮಾತ್ರ ನಾಳೆಯಿಂದ ಕೆಲಸ ಇಲ್ಲ ಅಂದರಂತೆ. ಈಗ ಜೇಬಿನಲ್ಲಿ ಉಬ್ಬಸದ ನೀಲಿ ಪಂಪ್ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತ ಓಡಾಡುತ್ತಿದ್ದಾರೆ.

ನಮ್ಮ ಇವರು ಸಂಜೆ ನನ್ನ ಅಂಗಡಿಯ ಶಟರಿಗೆ ಎಣ್ಣೆ ಬಿಟ್ಟರು. ಪೂರ್ತಿ ಮೇಲೆ ಹೋಗುತ್ತಿದೆ.

ಫೆಬ್ರವರಿ ೨೧, ಶುಕ್ರವಾರ

ಜಯಪ್ರಕಾಶ್ ಸರ್ ಅಂಗಡಿಗೇ ಬಂದಿದ್ದರು, ಜೊತೆಗೆ ಚಂದನಾ. ಅವರಿಗೆ ಒಂದು ಆನೆ ಬೇಕಂತೆ. ಕಾಡಂಚಿನ ಊರುಗಳಲ್ಲಿ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಹುಡುಗರು ಬೀದಿ ನಾಟಕ ಆಡುತ್ತಾರೆ. ಆನೆ ಎದುರು ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ತೋರಿಸುವ ನಾಟಕ. ಇದುವರೆಗೆ ಕಪ್ಪು ಕಂಬಳಿ ಹೊದ್ದು ಇಬ್ಬರು ಬಗ್ಗಿ ನಡೆಯುತ್ತಿದ್ದರಂತೆ. ಜನ ಅದನ್ನು ಎಮ್ಮೆ ಅಂದರಂತೆ.

ಆಗುವುದಿಲ್ಲ ಅನ್ನಬೇಕೆಂದಿದ್ದೆ. ಆನೆಯ ಬೆನ್ನು ಎಲ್ಲಿ ಎತ್ತರ, ಭುಜದಲ್ಲೋ ಸೊಂಟದಲ್ಲೋ ಎಂದು ಕೇಳಿಬಿಟ್ಟೆ. ಸರ್ ಅಲ್ಲೇ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೆ ಬರೆದು ತೋರಿಸಿದರು. ಮೇಜು ಸಾಲಲಿಲ್ಲ, ನೆಲಕ್ಕೆ ಇಳಿದೆವು.

ಮಾರ್ಚ್ ೩, ಸೋಮವಾರ

ಮೊದಲು ಉಸಿರಿನ ದಾರಿ, ಆಮೇಲೆ ಆನೆ. ಹೊಟ್ಟೆಯ ಕೆಳಗೆ ಪೂರ್ತಿ ಬಲೆ. ಪಕ್ಕೆಗಳಲ್ಲಿ ಒತ್ತಿ ಅಂಟಿಸುವ ಪಟ್ಟಿ, ಒಂದೇ ಎಳೆತಕ್ಕೆ ಎರಡೂ ಕಡೆ ತೆರೆದುಕೊಳ್ಳಬೇಕು. ಸಣ್ಣಸ್ವಾಮಣ್ಣ ಒಳಗೆ ಹೋಗಿ ಪರೀಕ್ಷೆ ಮಾಡಿದರು, ಶಿವಮ್ಮ ಹೊರಗೆ ಗಡಿಯಾರ ಹಿಡಿದು ನಿಂತರು. ಮೂರು ಸೆಕೆಂಡಿಗೆ ಹೊರಬಂದರು. ಇನ್ನೂ ಬೇಗ ಆಗಬೇಕು ಎಂದು ಶಿವಮ್ಮ ಮತ್ತೆ ಒಳಗೆ ಕಳಿಸಿದರು.

ಸೊಂಡಿಲು ಮೂರು ಸಲ ಬಿಚ್ಚಿ ಹೊಲಿದೆ. ಅಂಗಡಿ ಮುಂದೆ ದಿನಾ ಸಂಜೆ ಜನ. ಮೀನಿನ ಹೆಂಗಸು ಕಾಲಿನ ಉಗುರು ಐದೋ ನಾಲ್ಕೋ ಎಂದು ಗಲಾಟೆ ಎಬ್ಬಿಸಿದಳು. ಸರ್‌ಗೆ ಫೋನ್ ಮಾಡಿ ಕೇಳಿದೆವು. ಮುಂದೆ ಐದು, ಹಿಂದೆ ನಾಲ್ಕು. ಅವಳು ಗೆದ್ದಳೋ ಸೋತಳೋ ಗೊತ್ತಾಗಲಿಲ್ಲ.

ಚಿಟ್ಟೆ ವೇಷದ ಶಾಲೆಯವರು ಫೋನ್ ಮಾಡಿದ್ದರು, ಬೇಸಿಗೆ ಶಿಬಿರಕ್ಕೆ ಏನೋ ಹೊಲಿಯಬೇಕಂತೆ. ಏಪ್ರಿಲ್ ಆಗಲಿ ಅಂದೆ. ಬಾಲದ ಕೂದಲಿಗೆ ತೆಂಗಿನ ನಾರು ಸರಿಯಾಗುತ್ತದೋ ಇಲ್ಲವೋ.

ಮಾರ್ಚ್ ೯, ಭಾನುವಾರ

ನಿನ್ನೆ ಮಳೆ ಹನಿಯಿತು, ಕಾಫಿ ಹೂ ಅರಳಿಸುವ ಹೂಮಳೆ. ಆನೆಯನ್ನು ಅಂಗಡಿಯಿಂದ ಮನೆಗೆ ತರಬೇಕಾಯಿತು. ಹಿಂದೆ ಇವರು, ಮುಂದೆ ಸಣ್ಣಸ್ವಾಮಣ್ಣ ಒಳಗೆ ಹೊಕ್ಕು ನಡೆಸಿಕೊಂಡೇ ಬಂದರು. ಬಸ್ ನಿಲ್ದಾಣದ ಮುಂದೆ ಶಿವಶಂಕರಪ್ಪನವರ ಬಸ್ ನಿಂತು ದಾರಿ ಬಿಟ್ಟಿತು. ಅತ್ತೆ ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಜಾರದೊಳಗೆ ಅದು ಹಿಡಿಸಲಿಲ್ಲ. ಹಿಂಭಾಗ ಹೊರಗೆ ಉಳಿಯಿತು, ಒಳಗಿದ್ದ ಇವರೂ ಹೊರಗೇ ಉಳಿದರು.

ಮಾರ್ಚ್ ೧೬, ಭಾನುವಾರ

ತಿತಿಮತಿಯ ದಾರಿಯಲ್ಲಿ ಒಂದು ಎಸ್ಟೇಟಿನ ಲೈನ್ ಮನೆಗಳ ಅಂಗಳ. ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿದೆ, ಆ ಘಮದಲ್ಲಿ ಪಿಕಪ್ಪಿನ ಡೀಸೆಲ್ ವಾಸನೆಯೂ ಗೊತ್ತಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಾಟಕ. ಚಂದನಾ ಮುಂಗಾಲು, ಇನ್ನೊಬ್ಬ ಹುಡುಗ ಹಿಂಗಾಲು. ಮಕ್ಕಳು ಆನೆಯನ್ನು ಬಿಟ್ಟು ಹೋಗಲಿಲ್ಲ. ದೊಡ್ಡವರು ಚಪ್ಪಾಳೆ ತಟ್ಟಿದರು. ಎಲ್ಲರೂ ಚೆನ್ನಾಗಿದೆ ಅಂದರು.

ಪಾಪ ಎಂಬ ಮುದುಕಿಯೊಬ್ಬರು ಮಾತ್ರ ಏನೂ ಅನ್ನದೆ ಜಗಲಿಯ ಮೇಲೆ ಕೂತಿದ್ದರು. ಐವತ್ತು ವರ್ಷ ಆ ತೋಟದಲ್ಲಿ ಕಾಫಿ ಕುಯ್ದವರಂತೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆನೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲವಂತೆ. ಒಮ್ಮೆ ಮೆಣಸಿನ ಬಳ್ಳಿಯ ಮರ ಹತ್ತಿ ಇಡೀ ಬೆಳಗು ಕೂತಿದ್ದರಂತೆ. ನಾಟಕ ಮುಗಿದ ಮೇಲೆ ನಾನೇ ಅವರ ಹತ್ತಿರ ಹೋಗಿ, ಹೇಗಿದೆ ಅಜ್ಜಿ, ಏನು ಸರಿಯಿಲ್ಲ ಹೇಳಿ ಅಂದೆ.

ಅವರು ಕೋಲೂರಿ ಬಂದು ಆನೆಯ ಸುತ್ತ ಒಂದು ಸುತ್ತು ಬಂದರು. ಸೊಂಡಿಲು ಮುಟ್ಟಿದರು. ಕಾಲು ಮುಟ್ಟಿದರು.

“ಆನೆ ಸರಿ. ಕಿವಿ ಸರಿಯಿಲ್ಲ. ಹಿಂಗೆ ಅಗಲ ಮಾಡಿ ನಿಂತ್ರೆ ಅದಕ್ಕೆ ಕೋಪ ಬಂದಿದೆ ಅಂತ. ಸುಮ್ನೆ ಮೇಯ್ತಾ ಇದ್ರೆ ಬೀಸ್ತಾ ಇರ್ತದೆ. ಅದು ಗೊತ್ತಿಲ್ದೆ ನೀವು ಮಕ್ಕಳಿಗೆ ಏನು ಹೇಳ್ಕೊಡ್ತೀರಿ?”

ಎಷ್ಟು ಸರಿಯಾದ ಮಾತು. ನನಗೇಕೆ ಹೊಳೆಯಲಿಲ್ಲ. ಎರಡನೇ ಪ್ರದರ್ಶನ ಮಧ್ಯಾಹ್ನ ಮೂರಕ್ಕೆ, ಪಕ್ಕದ ತೋಟದಲ್ಲಿ. ಪಿಕಪ್ಪಿನ ಹಿಂದೆಯೇ ಕೂತು ಎರಡೂ ಕಿವಿಗಳನ್ನು ಬಿಚ್ಚಿದೆ. ಬುಡಕ್ಕೆ ಬಟ್ಟೆಯ ಕೀಲು ಹೊಲಿದು, ಒಳಗಿನಿಂದ ಎಳೆಯಲು ದಾರ ಇಳಿಬಿಟ್ಟೆ. ಇವರು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟರು. ಪಾಪಜ್ಜಿ ಪಕ್ಕದಲ್ಲೇ ಎಲೆ ಅಡಿಕೆ ಹಾಕಿಕೊಂಡು ಕೂತು, ನಿಧಾನ, ಇನ್ನೂ ನಿಧಾನ, ಗಾಳಿ ಹಾಕಿಕೊಳ್ಳುವ ಹಾಗೆ ಎಂದು ಕೈಯಲ್ಲಿ ಬೀಸಿ ತೋರಿಸುತ್ತಿದ್ದರು. ಊಟ ಯಾವಾಗ ಮಾಡಿದೆನೋ ನೆನಪಿಲ್ಲ.

ಮೂರು ಗಂಟೆಗೆ ಅವರೂ ನಮ್ಮ ಜೊತೆಗೇ ಪಕ್ಕದ ತೋಟಕ್ಕೆ ಬಂದರು, ಮುಂದಿನ ಸಾಲಿನಲ್ಲಿ ಕೂತರು. ಆನೆ ಕಾಫಿ ಗಿಡಗಳ ಸಂದಿಯಿಂದ ಹೊರಗೆ ಬಂತು. ಕಿವಿ ಬೀಸುತ್ತ ಬಂತು, ನಿಂತಿತು, ಮೇಯ್ದಿತು. ಪಾಪಜ್ಜಿ ತಲೆಯಾಡಿಸಿದರು. ಆಮೇಲೆ ನಾಟಕದ ಕುಡುಕ ಕಲ್ಲು ಎತ್ತಿದ. ಬೀಸುತ್ತಿದ್ದ ಕಿವಿಗಳು ನಿಂತವು. ಎರಡೂ ಅಗಲವಾಗಿ ತೆರೆದವು. ಆನೆ ಒಂದು ಹೆಜ್ಜೆ ಮುಂದಿಟ್ಟಿತು.

ಪಾಪಜ್ಜಿ ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಕೋಲು ಕೆಳಗೆ ಬಿತ್ತು. ಆಮೇಲೆ ತಾವೇ ತಮ್ಮನ್ನು ನೋಡಿಕೊಂಡು, ಸೆರಗು ಬಾಯಿಗೆ ಒತ್ತಿ, ಭುಜ ಕುಲುಕುವ ಹಾಗೆ ನಗುತ್ತ ನಿಂತರು.

ಎಡಗಿವಿ ಬಲಗಿವಿಗಿಂತ ಸ್ವಲ್ಪ ತಡವಾಗಿ ತೆರೆಯಿತು. ನಾಳೆ ಬೆಳಿಗ್ಗೆಯೇ ಅದರ ದಾರ ಬದಲಾಯಿಸಬೇಕು.